ಮರಕ್ಕೆ ಮಾಡುವ ಪರೀಕ್ಷೆ ಮೈಗೆ ಯಾಕಿಲ್ಲ?

ನಮ್ಮ ಬದಿಯಡ್ಕ ಕಡೆ ಮೇ ಕೊನೆ ಬಂತೆಂದರೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಸೇರಿಸಿದ ಮೇಲೆ ಅಪ್ಪ ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದರು. ತಿಕ್ಕಿ ಬೆಳ್ಳಗೆ ಮಾಡಿದ ಪೀಶಕತ್ತಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿದು ತೆಗೆಯುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಅದನ್ನೇ ಬಿಟ್ಟರೆ ಹಿಂಗಾರ ಸುಟ್ಟುಹೋಗುತ್ತದೆ. ಕತ್ತಿ ನೋಡದೆ ಅವರು ಒಂದು ಮರಕ್ಕೂ ಮದ್ದು ಬಿಟ್ಟದ್ದು ನನಗೆ ನೆನಪಿಲ್ಲ. ಈಗ ಎಲೆಚುಕ್ಕಿ ರೋಗ ಬಂದ ಮೇಲಂತೂ ಸೋಗೆಯ ತುಂಡು ಹಿಡಿದುಕೊಂಡು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಬಾಗಿಲಿಗೆ ಹೋದವರು ನಮ್ಮಲ್ಲಿ ಎಷ್ಟು ಜನ!

ಅದೇ ನಾವು, ನಮ್ಮ ಸ್ವಂತ ಮೈಯಲ್ಲಿ ಒಂದು ಉಂಗುರ ಎದ್ದರೆ ಏನು ಮಾಡುತ್ತೇವೆ? ಮೆಡಿಕಲ್‌ಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಅನ್ನುತ್ತೇವೆ.

ನಾನೂ ಹಾಗೇ ಮಾಡಿದವನು. ಅದನ್ನು ಇವತ್ತು ಬಿಚ್ಚಿ ಹೇಳಬೇಕು ಅನಿಸಿದೆ. ಯಾಕೆಂದರೆ ಇದು ಸೊಂಟದ, ತೊಡೆಸಂದಿನ ವಿಷಯ. ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಕಾರಣಕ್ಕೇ ಇದು ಮನೆಯಿಂದ ಮನೆಗೆ ಹಬ್ಬುತ್ತದೆ.

2020ರ ಮಳೆಗಾಲ. ಆ ವರ್ಷ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು ಕಾಸರಗೋಡಿನವರು ಯಾರೂ ಮರೆಯುವುದಿಲ್ಲ. ತಲೆನೋವು ಬಂದರೂ ಮಂಗಳೂರಿಗೆ ಬಸ್ ಹತ್ತುವವರು ನಾವು. ಮಳೆ ಶುರುವಾದ ಮೇಲೂ ಆ ಕಡೆ ಹೋಗಿ ಬರುವುದು ಸುಲಭ ಇರಲಿಲ್ಲ. ಅಂಥ ಹೊತ್ತಲ್ಲಿ ನನಗೆ ಉಡಿದಾರದ ಕೆಳಗೆ ಒಂದು ಕೆಂಪು ಬಳೆ ಕಾಣಿಸಿತು. ನಡುವೆ ಚರ್ಮ ಸರಿಯಾಗೇ ಇದೆ, ಅಂಚು ಮಾತ್ರ ಉಬ್ಬಿ ಪುಡಿಪುಡಿ ಏಳುತ್ತಿದೆ. ಸಂಜೆ ಬೆವರಿದಾಗ ತುರಿಕೆ ತಡೆಯಲಾಗುತ್ತಿರಲಿಲ್ಲ. ಹುಳುಕಡ್ಡಿ ಅಂತ ಅಮ್ಮನೇ ಗುರುತಿಸಿದರು. ಹೆಸರಲ್ಲಿ ಹುಳು ಇದ್ದರೂ ಅದು ಚರ್ಮಕ್ಕೆ ಹತ್ತುವ ಫಂಗಸ್.

ಮೆಡಿಕಲ್‌ನವರು ಚೀಟಿ ಕೇಳಲಿಲ್ಲ, ಟ್ಯೂಬ್ ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಕೆಂಪೂ ಇಳಿಯಿತು. ಎಂಥಾ ಒಳ್ಳೆಯ ಮದ್ದು ಅಂದುಕೊಂಡು ವಾರಕ್ಕೆ ನಿಲ್ಲಿಸಿದೆ. ಹತ್ತು ದಿನ ಕಳೆದು ಮತ್ತೆ ಬಂತು, ಈ ಸಲ ಎರಡು ಬಳೆ. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ಹೀಗೇ ಐದು ತಿಂಗಳು. ಅಷ್ಟರಲ್ಲಿ ಬಳೆಯ ಆಕಾರವೇ ಉಳಿದಿರಲಿಲ್ಲ. ಸೊಂಟದಿಂದ ತೊಡೆವರೆಗೆ ಕಂದು ಬಣ್ಣದ ನಕಾಶೆಯ ಹಾಗೆ ಹರಡಿತ್ತು. ಹೆಂಡತಿಗೂ ಬಂತು. ಕೊನೆಗೆ ಅಮ್ಮನ ಬೆನ್ನಿಗೂ.

ಗಡಿ ತೆರೆದ ಮೇಲೆ ಮಂಗಳೂರಲ್ಲಿ ಒಬ್ಬರು ಚರ್ಮದ ಡಾಕ್ಟ್ರನ್ನು ಕಂಡೆವು. ಅವರು ಮೊದಲು ಕೇಳಿದ್ದು ‘ಏನು ಹಚ್ಚಿದ್ದೀರಿ? ಟ್ಯೂಬ್ ತಂದಿದ್ದೀರಾ?’ ಅಂತ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ನನ್ನಿಂದಲೇ ಓದಿಸಿದರು. ಕ್ಲೋಬೆಟಾಸಾಲ್ ಅಂತ ಇತ್ತು. ಜೊತೆಗೆ ಒಂದು ಫಂಗಸ್ ಮದ್ದು, ಒಂದು ಆಂಟಿಬಯಾಟಿಕ್. ಕ್ಲೋಬೆಟಾಸಾಲ್ ಅಂದರೆ ತುಂಬಾ ಜೋರಿನ ಸ್ಟೀರಾಯ್ಡ್. ಅದು ಮಾಡುವುದು ಇಷ್ಟೇ: ಚರ್ಮದ ಉರಿ, ಕೆಂಪು, ತುರಿಕೆಯನ್ನು ಅಡಗಿಸುತ್ತದೆ. ಫಂಗಸ್ ವಿರುದ್ಧ ಮೈ ಹೋರಾಡುವಾಗಲೇ ಅಲ್ವಾ ಕೆಂಪಾಗುವುದು, ತುರಿಸುವುದು? ಆ ಹೋರಾಟವನ್ನೇ ನಿಲ್ಲಿಸಿದರೆ ಫಂಗಸ್‌ಗೆ ಹಬ್ಬ. ‘ಬೂದಿ ಮುಚ್ಚಿದ ಕೆಂಡ ಇದು, ಅಡಿಯಲ್ಲಿ ಸುಡುತ್ತಲೇ ಇದೆ’ ಅಂದರು ಡಾಕ್ಟ್ರು.

ಆಮೇಲೆ ಮಾಡಿದ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಂಡು ಬ್ಲೇಡಿನಿಂದ ಕಲೆಯ ಅಂಚನ್ನು ಮೆಲ್ಲಗೆ ಕೆರೆದರು. ನಡುವೆ ಅಲ್ಲ, ಅಂಚಲ್ಲಿ. ಫಂಗಸ್ ಮುಂದೆ ಮುಂದೆ ಬೆಳೆಯುವುದು ಅಲ್ಲೇ ಅಂತೆ. ಗಾಜಿನ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ ಬಿತ್ತು. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ತೊಟ್ಟು. ಅದು ಚರ್ಮದ ಪುಡಿಯನ್ನು ಕರಗಿಸುತ್ತದೆ, ಫಂಗಸ್ಸನ್ನು ಕರಗಿಸುವುದಿಲ್ಲ. ಸ್ವಲ್ಪ ಹೊತ್ತು ಕಾದು ಮೈಕ್ರೋಸ್ಕೋಪಿಗೆ ಇಟ್ಟರು. ನನಗೂ ತೋರಿಸಿದರು. ತೋಟದಲ್ಲಿ ಹಳೆ ಸೋಗೆಯ ರಾಶಿ ಎತ್ತಿದರೆ ಅಡಿಯಲ್ಲಿ ಬಿಳಿ ನೂಲು ಬಲೆ ಹೆಣೆದಿರುತ್ತದಲ್ಲ, ಥೇಟ್ ಅದೇ. ಕವಲೊಡೆದ ನೂಲು, ನೂಲಿನಲ್ಲಿ ಗೆಣ್ಣು ಗೆಣ್ಣು. ‘ಸ್ಟೀರಾಯ್ಡ್ ಹಚ್ಚಿ ಸೊಂಪಾಗಿ ಬೆಳೆಸಿದ್ದೀರಿ’ ಅಂದರು. ನನ್ನ ಮೈಯಲ್ಲೇ ಇದು ಬೆಳೆಯುತ್ತಿತ್ತು ಅಂತ ತಿಳಿದು ಹೊಟ್ಟೆ ತೊಳಸಿದ ಹಾಗಾಯಿತು.

ಇಡೀ ಪರೀಕ್ಷೆಗೆ ಬೇಕಾದ್ದು ಒಂದು ಬ್ಲೇಡು, ಒಂದು ಗಾಜಿನ ಚೂರು, ಒಂದು ತೊಟ್ಟು ದ್ರಾವಣ, ಒಂದು ಮೈಕ್ರೋಸ್ಕೋಪ್. ಇದು ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಆಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕಫ ನೋಡಲು ಮೈಕ್ರೋಸ್ಕೋಪ್ ಇರುವ ಕಡೆ ಚರ್ಮದ ಪುಡಿಯನ್ನೂ ನೋಡಬಹುದು ಅಲ್ವಾ?

ಗುಣ ಆಗಲು ನನಗೆ ಮೂರು ತಿಂಗಳು ಹಿಡಿಯಿತು. ಈಗಿನ ಹುಳುಕಡ್ಡಿ ನಮ್ಮ ಅಜ್ಜಂದಿರ ಕಾಲದ್ದಲ್ಲ. ಭಾರತದಲ್ಲಿ ಹರಡಿರುವ ಒಂದು ಬಗೆಗೆ 2020ರಲ್ಲಿ ಟ್ರೈಕೋಫೈಟನ್ ಇಂಡೋಟಿನಿಯೇ ಅಂತಲೇ ಹೆಸರಿಟ್ಟಿದ್ದಾರೆ. ಟರ್ಬಿನಾಫಿನ್ ಅನ್ನುವ ಒಳ್ಳೆಯ ಮಾತ್ರೆಗೇ ಅದು ಎಷ್ಟೋ ಸಲ ಬಗ್ಗುವುದಿಲ್ಲ. ನನಗೆ ಕೊಟ್ಟದ್ದು ಇಟ್ರಾಕೊನಜೋಲ್ ಕ್ಯಾಪ್ಸೂಲ್. ಊಟ ಆದ ಮೇಲೆಯೇ ನುಂಗಬೇಕು, ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಬೇರೆ ಮಾತ್ರೆ ತಿನ್ನುವವರು ಅದನ್ನು ಡಾಕ್ಟ್ರಿಗೆ ಹೇಳಲೇಬೇಕು. ಮುಲಾಮನ್ನು ಕಲೆಯ ಅಂಚಿನಿಂದ ಎರಡು ಬೆರಳು ಆಚೆವರೆಗೆ ಹಚ್ಚಿದೆ, ಕಲೆ ಕಾಣದಾದ ಮೇಲೂ ಎರಡು ವಾರ ಬಿಡಲಿಲ್ಲ. ಮನೆಯ ಮೂವರಿಗೂ ಒಟ್ಟಿಗೇ ಮದ್ದು. ಒಬ್ಬರು ಬಿಟ್ಟರೂ ಅದು ಸುತ್ತಿ ಮತ್ತೆ ಬರುತ್ತದೆ.

ಕಷ್ಟ ಆದದ್ದು ಬಟ್ಟೆಯದ್ದು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಬೈರಾಸು ಒಣಗುವುದೆಂದು? ಒಂದೇ ಬೈರಾಸಿನಲ್ಲಿ ಮನೆಯವರೆಲ್ಲ ಒರೆಸಿಕೊಳ್ಳುವ ರೂಢಿ ಅವತ್ತಿಗೇ ನಿಲ್ಲಿಸಿದೆವು. ಬಿಸಿನೀರಲ್ಲಿ ಒಗೆದು, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಒಳಬಟ್ಟೆಗೂ ಇಸ್ತ್ರಿ ಹಾಕಿದೆವು. ಉಡಿದಾರ ತೆಗೆಯಿರಿ ಅಂದಾಗ ಅಮ್ಮನಿಗೆ ಬೇಜಾರಾಯಿತು. ನೂಲು ಸದಾ ಒದ್ದೆ, ಅದರಲ್ಲೇ ಫಂಗಸ್ ಉಳಿಯುತ್ತದೆ ಅಂತ ಡಾಕ್ಟ್ರು ಅವರಿಗೆ ತಾಳ್ಮೆಯಿಂದ ವಿವರಿಸಿದರು. ಒಪ್ಪಿಕೊಂಡರು. ತೊಡೆಯಲ್ಲಿ ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಬಿದ್ದ ಗೆರೆಗಳು ಮಾತ್ರ ಇನ್ನೂ ಇವೆ. ಅವು ಹೋಗುವುದಿಲ್ಲ.

ಮೆಡಿಕಲ್‌ನವರ ಮೇಲೆ ಮಾತ್ರ ತಪ್ಪು ಹೊರಿಸಲಾರೆ. ಕೇಳಿದ್ದು ನಾನು. ಆದರೆ 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆ ನಿಯಮ ಕೌಂಟರಿನ ತನಕ ಬರಬೇಕು.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಕಲೆ ಎಲ್ಲವೂ ಫಂಗಸ್ ಅಲ್ಲ. ರಾತ್ರಿ ಜಾಸ್ತಿ ತುರಿಸಿ, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದರೆ ಅದು ಕಜ್ಜಿ ಇರಬಹುದು, ಅದಕ್ಕೆ ಬೇರೆಯೇ ಮದ್ದು. ಆದರೆ ತುರಿಕೆಯೇ ಇಲ್ಲದ ಕಲೆಗೆ ನಾವು ಹೆದರಬೇಕು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಒಬ್ಬರಿಗೆ ಮೊಣಕೈ ಹತ್ತಿರ ಒಂದು ಮಾಸಲು ಕಲೆ ಇತ್ತು. ಅವರಿಗೆ ತುಳು, ಕನ್ನಡ ಬಿಟ್ಟು ಬೇರೆ ಮಾತು ಬಾರದು. ತೋರಿಸಿದ ಕಡೆ ಡಾಕ್ಟ್ರು ಕೇರಳದ ತೆಂಕಣ ಜಿಲ್ಲೆಯವರು. ‘ಚೊರಿಚ್ಚಿಲ್ ಉಂಡೋ?’ ಅಂತ ಮಲಯಾಳದಲ್ಲಿ ಕೇಳಿದರಂತೆ, ತುರಿಕೆ ಇದೆಯಾ ಅಂತ ಅರ್ಥ. ಇವರು ಅರ್ಥ ಆಗದೆ ಮರ್ಯಾದೆಗೆ ತಲೆಯಾಡಿಸಿದರು. ತುರಿಕೆ ಇದೆ ಅಂತ ಆಯಿತು, ಫಂಗಸ್ ಮುಲಾಮು ಬಂತು. ಮುಟ್ಟಿದರೆ ಗೊತ್ತಾಗುವುದಿಲ್ಲ, ಜೋಮು ಹಿಡಿದಿದೆ ಅನ್ನುವ ಮಾತು ಅವರ ಬಾಯಲ್ಲೇ ಉಳಿಯಿತು.

ಮುಂದೆ ಕುಷ್ಠ ಹುಡುಕಲು ಕೇರಳ ಸರ್ಕಾರ ಮನೆಮನೆಗೆ ಜನ ಕಳಿಸುವ ಅಶ್ವಮೇಧಂ ಅಭಿಯಾನಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕನ್ನಡದಲ್ಲೇ ಕೇಳಿದರು: ‘ಅಣ್ಣಾ, ಇಲ್ಲಿ ಮುಟ್ಟಿದ್ದು ಗೊತ್ತಾಗ್ತದಾ?’ ಗೊತ್ತಾಗಲಿಲ್ಲ. ಅದು ಕುಷ್ಠ. ಹಾಗಂತ ಹೆದರಿ ಓಡಬೇಕಾದ್ದಲ್ಲ. ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಯನ್ನು 6 ತಿಂಗಳು, ಕೆಲವರಿಗೆ 12 ತಿಂಗಳು, ತಪ್ಪದೆ ತಿಂದರೆ ವಾಸಿ. ತಡವಾದರೆ ಮಾತ್ರ ನರ ಹಾಳಾಗಿ ಬೆರಳು ಮಡಚಿಹೋಗುತ್ತದೆ. ಅವರ ಬೆರಳು ಉಳಿಯಿತು. ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ.

ಮಂಜೇಶ್ವರ, ಕಾಸರಗೋಡು ತಾಲೂಕಿನ ಆಸ್ಪತ್ರೆಗಳಲ್ಲಿ ಕನ್ನಡ ಬೇಕು ಅನ್ನುವಾಗ ನಾನು ಬೋರ್ಡಿನ ಬಗ್ಗೆ ಮಾತ್ರ ಹೇಳುತ್ತಿಲ್ಲ. ‘ತುರಿಕೆ ಇದೆಯಾ, ಜೋಮು ಇದೆಯಾ’ ಅನ್ನುವ ಎರಡು ಪ್ರಶ್ನೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರಬೇಕು. ಅಷ್ಟು ಕೇಳುವುದು ಜಾಸ್ತಿ ಆಯಿತಾ?

ಇಷ್ಟು ಬರೆಯಲು ಕಾರಣ ನಿನ್ನೆ ರಾತ್ರಿ ತಂಗಿಯ ಮಗ ವಾಟ್ಸಾಪಲ್ಲಿ ಕಳಿಸಿದ ಫೋಟೋ. ಕಾಲೇಜು ಹಾಸ್ಟೆಲ್‌ನಲ್ಲಿದ್ದಾನೆ. ಕುತ್ತಿಗೆಯಲ್ಲಿ ಚೊಕ್ಕ ಒಂದು ಬಳೆ. ‘ಮಾವ, ನೀವು ಹಚ್ಚುತ್ತಿದ್ದ ಟ್ಯೂಬ್ ಯಾವುದು? ಎರಡೇ ದಿನಕ್ಕೆ ಹೋಗ್ತದಂತಲ್ಲ’ ಅಂತ ಕೇಳಿದ್ದಾನೆ. ಏನೂ ಹಚ್ಚಬೇಡ, ಸೋಮವಾರ ನಾನೇ ಬರುತ್ತೇನೆ, ಮೊದಲು ಕೆರೆದು ನೋಡಿಸೋಣ ಅಂತ ಉತ್ತರ ಕಳಿಸಿದ್ದೇನೆ.