ಮನೆ ಐದು ಪಾಲು, ಬೀಗದ ಕೈ ಒಂದೇ ಸೊಂಟದಲ್ಲಿ

ಬೆಂಗಳೂರಿಗರಿಗೆ ಅಭಿನಂದನೆ. 2025ರ ಸೆಪ್ಟೆಂಬರ್ 2ರಂದು ನಮ್ಮ ಒಂದು ಪಾಲಿಕೆ ಐದಾಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಈಶಾನ್ಯ, ನೈಋತ್ಯಗಳನ್ನು ಬಿಟ್ಟಿದ್ದಾರೆ. ಮುಂದಿನ ಸರ್ಕಾರಕ್ಕೂ ಕೆಲಸ ಬೇಕಲ್ಲ.

ಐದಕ್ಕೂ ಆಯುಕ್ತರು ಬಂದರು, ಬೋರ್ಡು ಬಂದವು. ಮೇಯರ್ ಮಾತ್ರ ಒಬ್ಬರೂ ಬರಲಿಲ್ಲ. ಐದರ ನೆತ್ತಿಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಇದಕ್ಕೆ ಅಧಿಕಾರ ವಿಕೇಂದ್ರೀಕರಣ ಎಂದು ಹೆಸರು. ಮನೆ ಪಾಲಾಗಿದೆ, ಉಗ್ರಾಣದ ಬೀಗದ ಕೈ ಯಜಮಾನರ ಸೊಂಟದಲ್ಲೇ ಇದೆ.

ಹಳೆಯ ಪಾಲಿಕೆಯ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. ಆದರೆ ವಾರ್ಡು ಎಣಿಸಿ ಮುಗಿಯಬೇಡವೇ? 198 ಇದ್ದವನ್ನು ಒಂದು ಸರ್ಕಾರ 243 ಮಾಡಿತು, ಇನ್ನೊಂದು 225ಕ್ಕೆ ಇಳಿಸಿತು, ಈಗ 369. ಊಟಕ್ಕೆ ಕರೆದವರು ಐದು ವರ್ಷ ಎಲೆ ಎಣಿಸುತ್ತಲೇ ಇದ್ದರು. ಅದೇ ಮನೆ, ಅದೇ ಮೋರಿ, ವಾರ್ಡಿನ ಹೆಸರು ಮಾತ್ರ ಹೊಸದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಗೊತ್ತು. ಇವರು ಅಳತೆ ಬದಲಿಸಿ ಬದಲಿಸಿ ಹೊಲಿದರು.

ಇದೇ ರಾಜ್ಯದಲ್ಲಿ ನಜೀರ್ ಸಾಬ್ ಎಂಬ ಮಂತ್ರಿಯೊಬ್ಬರಿದ್ದರು. ಊರೂರಿಗೆ ಕೊಳವೆಬಾವಿ ಕೊರೆಸಿ ನೀರು ಸಾಬ್ ಎನಿಸಿಕೊಂಡವರು. ಅವರು ತಂದ 1983ರ ಪಂಚಾಯತ್ ರಾಜ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಆ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಿದರು. ಹಳ್ಳಿಯಿಂದ ಗೆದ್ದು ಬಂದವರ ಮುಂದೆ ಸಾಹೇಬರು ಕಡತ ಹಿಡಿದು ನಿಂತ ಕಾಲ! ದೆಹಲಿಯವರು ನೋಡಿ ಕಲಿಯಲು ಬರುತ್ತಿದ್ದದ್ದು ನಮ್ಮಲ್ಲಿಗೆ.

ಆ ನಾಡಿನಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಆಡಳಿತಾಧಿಕಾರಿಗಳು ಬಂದು ಕೂತರು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ: ನೆಪಕ್ಕೆ ಬರವಿಲ್ಲ. ಒಂದು ಪಕ್ಷ ಮುಂದೂಡಿತು, ಇನ್ನೊಂದು ಅದನ್ನೇ ಮುಂದುವರಿಸಿತು. ಬೈಯುವುದಕ್ಕೂ ಬೇಸರ. ಶಾಸಕರಿಗೆ ಕೆಳಗೊಬ್ಬ ಪೈಪೋಟಿದಾರ ಬೇಡ, ಅಷ್ಟೇ ವಿಷಯ.

ಕೆಳಗೆ ಅಧಿಕಾರ ಕೊಟ್ಟರೆ ರಾಜ್ಯ ದುರ್ಬಲವಾಗುತ್ತದಂತೆ. ರಸ್ತೆಗುಂಡಿಗೂ ಮಂತ್ರಿಯೇ ಗಡುವು ಕೊಡಬೇಕಾದ ರಾಜ್ಯಕ್ಕೆ ಇನ್ನೇನು ಬಲ ಉಳಿದಿದೆ? ಹಾಗಾಗಿ ಮೋರಿ ಕಟ್ಟಿಕೊಂಡರೆ ಸಂಕೋಚಪಡದೆ ಮುಖ್ಯಮಂತ್ರಿಗಳಿಗೇ ಫೋನು ಮಾಡಿ. ಅಧ್ಯಕ್ಷರು ಅವರೇ ತಾನೇ.