ಎದ್ದು ಕೂರಲಾಗದವರನ್ನು ಬ್ಯಾಂಕಿಗೆ ಹೇಗೆ ಕರೆದುಕೊಂಡು ಹೋಗೋದು?

ದೊಡ್ಡಮ್ಮನ ಬ್ಯಾಂಕಿನವರ ಜೊತೆ ಮಾತಾಡಿ ಈಗಷ್ಟೇ ಫೋನ್ ಇಟ್ಟೆ. ಸಿಟ್ಟಿಗೆ ಕೈ ಇನ್ನೂ ನಡುಗುತ್ತಿದೆ.

"ಅವರನ್ನೇ ಬ್ರಾಂಚಿಗೆ ಕರ್ಕೊಂಡು ಬನ್ನಿ ಮೇಡಂ. ಬೇಕಿದ್ರೆ ಆಂಬುಲೆನ್ಸ್‌ನಲ್ಲಿ ಕರ್ಕೊಂಡು ಬನ್ನಿ, ನಾವೇ ಹೊರಗೆ ಬಂದು ನೋಡ್ತೀವಿ." ಒರಟಾಗಿ ಹೇಳಲಿಲ್ಲ. ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು. ನನಗೆ ಜಾಸ್ತಿ ಉರಿದಿದ್ದು ಅದಕ್ಕೇ.

ದೊಡ್ಡಮ್ಮನ ಸ್ಥಿತಿ ನಿಮಗೆಲ್ಲ ಗೊತ್ತೇ ಇದೆ. ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲ. ಮಕ್ಕಳಿಲ್ಲ, ನಾನಿರೋದು ಬೇರೆ ದೇಶದಲ್ಲಿ. ಕರೆಂಟ್ ಬಿಲ್, ಗ್ಯಾಸ್, ಔಷಧಿ, ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಇಲ್ಲಿಂದಲೇ ನಿಭಾಯಿಸುತ್ತೇನೆ. ಒಟಿಪಿ ಅವರ ಫೋನಿಗೆ ಹೋಗುತ್ತದೆ, ಅವರು ಕನ್ನಡಕ ಹುಡುಕಿ ಓದಿ ಹೇಳುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಇರಲಿ, ಅದನ್ನೂ ಹೇಗೋ ಮಾಡಿಕೊಳ್ಳುತ್ತೇವೆ. ಈಗ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ ಮತ್ತೆ ಕೊಡೋದು, ಬಾಕಿ ಇದೆ ಅಂತ ಖಾತೆಯನ್ನೇ ತಡೆಹಿಡಿದಿದ್ದಾರೆ. ಪಿಂಚಣಿ ಬಂದು ಬೀಳುತ್ತಿದೆ, ತೆಗೆಯೋಕೆ ಆಗುತ್ತಿಲ್ಲ. ಪಕ್ಕದ ಮನೆಯವರು ಕಾಗದಪತ್ರ, ಡಾಕ್ಟರ್ ಸರ್ಟಿಫಿಕೇಟ್ ಎಲ್ಲ ಹಿಡಿದುಕೊಂಡು ಹೋದರು. ಅವರಿಗೂ ಇದೇ ಉತ್ತರ: ಕರ್ಕೊಂಡು ಬನ್ನಿ.

ನಿಯಮ ಇಲ್ಲ ಅಂತಿದ್ದರೆ ಸುಮ್ಮನಾಗುತ್ತಿದ್ದೆ. ನಿಯಮ ಇದೆ! 2017ರ ನವೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಸುತ್ತೋಲೆ ಕಳಿಸಿದೆ. 70 ದಾಟಿದವರಿಗೆ, ಡಾಕ್ಟರ್ ದೃಢಪಡಿಸಿದ ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಿ ಅಂತ. ನಗದು ತಲುಪಿಸುವುದು, ಕೆವೈಸಿ ದಾಖಲೆ ತೆಗೆದುಕೊಳ್ಳುವುದು, ಜೀವಂತ ಪ್ರಮಾಣಪತ್ರ ಪಡೆಯುವುದು ಎಲ್ಲ ಅದರಲ್ಲಿದೆ. ಸಹಿ ಮಾಡಲಾಗದಿದ್ದರೆ ಹೆಬ್ಬೆಟ್ಟು, ಅದಾಗದಿದ್ದರೆ ಕಾಲಿನ ಹೆಬ್ಬೆಟ್ಟು, ಅದೂ ಆಗದಿದ್ದರೆ ಬರೀ ಒಂದು ಗುರುತು ಸಾಕು ಅನ್ನುವ ನಿಯಮವೂ ಇದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು, ಅಷ್ಟೇ. ಕಾಲಿನ ಹೆಬ್ಬೆರಳಿನವರೆಗೂ ಯಾರೋ ಯೋಚನೆ ಮಾಡಿ ಬರೆದಿದ್ದಾರೆ. ಕೌಂಟರಿನಲ್ಲಿ ಕೂತವರು ಮಾತ್ರ ಅದನ್ನು ಓದಿಲ್ಲ.

ಹಾಗಂತ ಎಲ್ಲ ಕಡೆ ಹೀಗೇ ಇಲ್ಲ. ಕಳೆದ ನವೆಂಬರ್‌ನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡಬೇಕಿತ್ತು. ದೊಡ್ಡಮ್ಮನ ಬೆರಳಿನ ಗೆರೆ ಸವೆದುಹೋಗಿದೆ, ಯಂತ್ರ ಒಪ್ಪುವುದೇ ಇಲ್ಲ. ಆದರೆ ಈ ಪ್ರಮಾಣಪತ್ರ ಕೊಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಜೀವನ್ ಪ್ರಮಾಣ್‌ನಲ್ಲಿ 2021ರಿಂದ ಮುಖ ತೋರಿಸಿದರೂ ಆಗುತ್ತದೆ. ನೋಡಿಕೊಳ್ಳುವವರು ದಿಂಬಿಗೆ ಇನ್ನೊಂದು ದಿಂಬು ಕೊಟ್ಟು, ಕಿಟಕಿಯ ಬೆಳಕಿಗೆ ತಿರುಗಿಸಿ, ಫೋನ್ ಹಿಡಿದರು. "ಕಣ್ಣು ಮಿಟುಕಿಸಿ ಅಮ್ಮಾ" ಅಂದರು. ದೊಡ್ಡಮ್ಮ ನಗುತ್ತಾ ಮಿಟುಕಿಸಿದರು. ಮುಗೀತು! ಬದುಕಿದ್ದಾರೆ ಅಂತ ಸರ್ಕಾರ ಮಲಗಿದಲ್ಲೇ ಒಪ್ಪಿಕೊಂಡಿತು. ಅವರ ವಿಳಾಸ ಬದಲಾಗಿಲ್ಲ ಅಂತ ಒಪ್ಪೋಕೆ ಬ್ಯಾಂಕಿಗೆ ಸ್ಟ್ರೆಚರ್ ಬೇಕಾ?

"ಸಂಬಂಧಿಕರೇ ವಯಸ್ಸಾದವರ ದುಡ್ಡು ನುಂಗುತ್ತಾರೆ, ಬ್ಯಾಂಕು ಹುಷಾರಾಗಿರಬೇಡವಾ?" ಅಂತ ನೀವು ಕೇಳಬಹುದು. ನುಂಗುತ್ತಾರೆ, ನಾನೂ ನೋಡಿದ್ದೇನೆ. ಅದಕ್ಕೇ ಅಲ್ವಾ ಬ್ಯಾಂಕಿನವರೇ ಮನೆಗೆ ಬಂದು ನೋಡಿ ಅಂತ ನಾನು ಬೇಡಿಕೊಳ್ಳುತ್ತಿರೋದು? ಬಂದು ಹಾಸಿಗೆ ಪಕ್ಕ ಕೂತು ಮಾತಾಡಲಿ, ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ ಅಂತ ಕೇಳಲಿ. ಆಂಬುಲೆನ್ಸ್ ಕಿಟಕಿಯಿಂದ ಇಣುಕಿದರೆ ಏನು ಗೊತ್ತಾಗುತ್ತದೆ?

ಇನ್ನು ಕೆಲವರು, ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ) ಮಾಡಿಸಿಕೊಂಡು ಬಿಡು, ತಲೆನೋವೇ ಇರಲ್ಲ ಅನ್ನುತ್ತಾರೆ. ಮಾಡಿಸಿದ್ದೇವೆ. ಆದರೆ ಒಂದು ವಿಷಯ ತಿಳಿದುಕೊಳ್ಳಿ. 1872ರ ನಮ್ಮ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮರೆವಿನ ಕಾಯಿಲೆ ಬಂದು ನಿಜವಾಗಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಕೋರ್ಟಿಗೆ ಹೋಗಿ ಪೋಷಕರನ್ನು ನೇಮಿಸಿಕೊಳ್ಳಬೇಕು. ನಾಮಿನಿ ಹೆಸರೂ ಅಷ್ಟೇ, ಅವರು ಬದುಕಿರುವಾಗ ಅದರಿಂದ ಒಂದು ರೂಪಾಯಿ ತೆಗೆಯೋಕೂ ಆಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮನೆಯ ಹಿರಿಯರು ಚೆನ್ನಾಗಿ ಮಾತಾಡುತ್ತಿರುವಾಗಲೇ, ಅವರಿಗೆ ಒಪ್ಪಿಗೆಯಿದ್ದರೆ, ನಂಬಿಕೆಯವರೊಬ್ಬರ ಹೆಸರು ಸೇರಿಸಿ ಜಂಟಿ ಖಾತೆ ಮಾಡಿಸಿ. 'ಐದರ್ ಆರ್ ಸರ್ವೈವರ್' ಅಂತಲೇ ಬರೆಸಿ, ಅಂದರೆ ಇಬ್ಬರಲ್ಲಿ ಯಾರೊಬ್ಬರಾದರೂ ಖಾತೆ ನಡೆಸಬಹುದು.

ದೊಡ್ಡಮ್ಮ ಮೇಷ್ಟ್ರಾಗಿದ್ದವರು. ತಿಂಗಳ ಲೆಕ್ಕ ಇವತ್ತಿಗೂ ಬಾಯಲ್ಲೇ ಇದೆ. ನಿನ್ನೆ ವಿಡಿಯೋ ಕಾಲ್‌ನಲ್ಲಿ, "ನಿನಗೆ ಸುಮ್ನೆ ತೊಂದರೆ ಕಣೇ, ಆ ದುಡ್ಡು ಬಿಟ್ಟುಬಿಡು" ಅಂದರು. ಅವರು ದುಡಿದ ದುಡ್ಡು! ಬಿಡಬೇಕಂತೆ. ಕಾಲ್ ಕಟ್ ಮಾಡಿ ಅತ್ತೆ.

ಇವತ್ತು ಲಿಖಿತ ದೂರು ಕಳಿಸುತ್ತಿದ್ದೇನೆ, ಸುತ್ತೋಲೆಯ ಪ್ರತಿ ಲಗತ್ತಿಸಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ. ನಿಮ್ಮಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು ಇದ್ದೀರಿ. ನಿಮ್ಮ ಬ್ರಾಂಚಿನಲ್ಲಿ ಮನೆಗೆ ಹೋಗಿ ಕೆವೈಸಿ ಮಾಡುತ್ತಾರಾ? ಅದಕ್ಕೆ ಅರ್ಜಿ ಹೇಗೆ ಬರೆಯಬೇಕು, ಯಾರ ಹೆಸರಿಗೆ ಕೊಡಬೇಕು? ದಯವಿಟ್ಟು ಕೆಳಗೆ ಬರೆಯಿರಿ.