ಚಪ್ಪಾಳೆಗೆ ಜಾಗ ಬಿಟ್ಟ ಸಂಗೀತ

ವಿಯೆನ್ನಾಗೆ ಬಂದ ಮೊದಲ ವರ್ಷ. ಇಲ್ಲಿನ ಒಂದು ಸಭಾಂಗಣದಲ್ಲಿ ಹದಿನೆಂಟನೇ ಶತಮಾನದ ಸಂಗೀತ ರಚನೆಕಾರ ಮೊಜಾರ್ಟ್‌ನ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿ, ಕೇಳುತ್ತಾ ಕೂತಿದ್ದೆ. ಮೊದಲ ಭಾಗ ಮುಗಿಯುವ ಹೊತ್ತಿಗೆ ಮೈ ಜುಮ್ಮೆಂದಿತ್ತು, ಕೈ ತಾನಾಗಿಯೇ ಚಪ್ಪಾಳೆ ತಟ್ಟಿತು. ಎರಡೇ ಸಲ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಪಕ್ಕದ ಹಿರಿಯರು ತುಟಿಯ ಮೇಲೆ ಬೆರಳಿಟ್ಟರು. ನಾಲ್ಕೂ ಭಾಗ ಮುಗಿಯುವ ತನಕ ಸದ್ದು ಮಾಡಬಾರದು ಅಂತ ಆಮೇಲೆ ಗೊತ್ತಾಯಿತು.

ನಾನು ಬೆಳೆದದ್ದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ಕೇಳುತ್ತಾ. ಅಪ್ಪನ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಿತ್ತು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ಅಂಗೈ ಮೇಲೆ ಮಾಡಿ ಹಾಕುವ ಹುಸಿ, ಪೆಟ್ಟು, ಹುಸಿ. ನೆರವಲ್‌ನಲ್ಲಿ ಒಂದೇ ಸಾಲು ಹೊಸ ಹೊಸ ರೂಪದಲ್ಲಿ ಬಂದಾಗ ಅಪ್ಪ ‘ಭೇಷ್’ ಅನ್ನುತ್ತಿದ್ದರು. ಅದು ಹಾಡುವವರಿಗೂ ಕೇಳಿಸುತ್ತಿತ್ತು.

ಇಲ್ಲಿನ ಮೌನ ಈ ಸಂಗೀತಕ್ಕೆ ಹುಟ್ಟಿನಿಂದಲೇ ಬಂದದ್ದು ಅಂತ ಬಹಳ ದಿನ ನಂಬಿದ್ದೆ. ಆ ನಂಬಿಕೆ ಕಳಚಿದ್ದು ಮೊಜಾರ್ಟ್ ತನ್ನ ಅಪ್ಪನಿಗೆ ಬರೆದ ಒಂದು ಕಾಗದದಿಂದ. 1778ರಲ್ಲಿ ಪ್ಯಾರಿಸ್‌ನಲ್ಲಿ ಅವನ ಹೊಸ ಸಿಂಫನಿ ನುಡಿಸಿದರು. ಮೊದಲ ಭಾಗದಲ್ಲಿ ಒಂದು ಜಾಗ ಜನರಿಗೆ ಹಿಡಿಸುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಸಂಗೀತ ನಡೆಯುತ್ತಿರುವಾಗಲೇ ಅಲ್ಲಿ ಚಪ್ಪಾಳೆ ಬಿತ್ತು. ಕೊನೆಯ ಭಾಗವನ್ನು ಎರಡು ಗುಂಪು ವಯಲಿನ್‌ಗಳಿಂದ ಮೆಲ್ಲಗೆ ಶುರುಮಾಡಿ, ಎಂಟು ಆವರ್ತದ ನಂತರ ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಮೊಳಗಿಸಿದ್ದ. ಮೆಲುದನಿಗೆ ಜನ ‘ಶ್’ ಅಂದರು, ಮೊಳಗಿದ ತಕ್ಷಣ ಚಪ್ಪಾಳೆ ಹೊಡೆದರು. ಖುಷಿಯಲ್ಲಿ ಅವನು ನೆಟ್ಟಗೆ ಹೋಗಿ ಐಸ್‌ಕ್ರೀಂ ತಿಂದನಂತೆ. ಇದನ್ನು ಓದಿದಾಗ ನನಗೆ ಅಪ್ಪನ ‘ಭೇಷ್’ ನೆನಪಾಯಿತು.

ಆ ಶತಮಾನದ ಒಪೆರಾ, ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕ, ನೋಡಿ. ರಾಜರು, ವೀರರ ಕಥೆ ಹೇಳುವ ಗಂಭೀರ ಒಪೆರಾಗೆ ‘ಒಪೆರಾ ಸೀರಿಯಾ’ ಅಂತ ಹೆಸರು. ಸಂಗೀತ ರಚನೆಕಾರ ಹ್ಯಾಂಡೆಲ್ 1724ರಲ್ಲಿ ಲಂಡನ್‌ನಲ್ಲಿ ಆಡಿಸಿದ ‘ಜೂಲಿಯೋ ಚೆಸಾರೆ’ ಅಂಥದ್ದು. ಅದರ ಜೀವಾಳ ‘ದ ಕಾಪೊ ಆರಿಯಾ’. ಆರಿಯಾ ಅಂದರೆ ಒಬ್ಬರೇ ಹಾಡುವ ಹಾಡು. ಮೊದಲ ಭಾಗ, ಬೇರೆ ಭಾವದ ಎರಡನೇ ಭಾಗ, ಮತ್ತೆ ಮೊದಲಿನದೇ. ಆದರೆ ತಿರುಗಿ ಬಂದಾಗ ಹಾಡುವವರು ಅದನ್ನು ಇದ್ದ ಹಾಗೆ ಹಾಡುವಂತಿಲ್ಲ. ತಮ್ಮದೇ ಗಮಕ, ವೇಗದ ಬಿರ್ಕಾ ಸೇರಿಸಬೇಕು. ನಮ್ಮ ನೆರವಲ್‌ನಷ್ಟು ವಿಸ್ತಾರ ಇಲ್ಲ ನಿಜ, ಆದರೂ ಹತ್ತಿರದ ನೆಂಟಸ್ತಿಕೆ ಅಲ್ವಾ? ಆರಿಯಾ ಮುಗಿಸಿ ಸಾಮಾನ್ಯವಾಗಿ ಪಾತ್ರಧಾರಿ ರಂಗದಿಂದ ಹೊರಟುಬಿಡುತ್ತಿದ್ದ. ಚಪ್ಪಾಳೆಗೆ ಅಂತಲೇ ಬಿಟ್ಟ ಜಾಗ ಅದು.

1762ರಲ್ಲಿ ಇದೇ ವಿಯೆನ್ನಾದಲ್ಲಿ ಗ್ಲುಕ್ ಎಂಬ ರಚನೆಕಾರ ತನ್ನ ‘ಆರ್ಫಿಯೊ’ ಒಪೆರಾದಲ್ಲಿ ಈ ಪದ್ಧತಿ ಕೈಬಿಟ್ಟ. ಗಾಯಕರ ಪ್ರದರ್ಶನ ಕಥೆಯನ್ನೇ ನುಂಗುತ್ತಿದೆ ಅನ್ನುವುದು ಅವನ ದೂರು. ಅದರಲ್ಲಿ ಹುರುಳಿದೆ. ಆದರೂ ಹಾಡುವವರ ಮನೋಧರ್ಮಕ್ಕೆ, ತಮಗೆ ಹೊಳೆದದ್ದನ್ನು ಸೇರಿಸುವುದಕ್ಕೆ, ಇದ್ದ ಜಾಗ ಕಿರಿದಾಯಿತಲ್ಲ ಅನ್ನುವ ಸಂಕಟ ನನಗೆ ಇದ್ದೇ ಇದೆ.

ಹಾಸ್ಯದ ‘ಒಪೆರಾ ಬುಫಾ’ದಲ್ಲಂತೂ ಜನ ಇನ್ನೂ ಹತ್ತಿರ. 1786ರಲ್ಲಿ ಮೊಜಾರ್ಟ್‌ನ ‘ಫಿಗರೊ’ ಇಲ್ಲಿ ಶುರುವಾದಾಗ ಎರಡನೇ ಪ್ರದರ್ಶನದಲ್ಲಿ ಐದು ಹಾಡು, ಮೂರನೆಯದರಲ್ಲಿ ಏಳು ಹಾಡು ಮತ್ತೆ ಹಾಡಿಸಿದರು ಅಂತ ಅವನ ಅಪ್ಪ ಬರೆದಿದ್ದಾರೆ. ಒಂದು ಪುಟ್ಟ ಯುಗಳಗೀತೆಯನ್ನಂತೂ ಮೂರು ಸಲ. ಕೊನೆಗೆ ಚಕ್ರವರ್ತಿ ಎರಡನೇ ಜೋಸೆಫ್, ಒಬ್ಬರಿಗಿಂತ ಹೆಚ್ಚು ಜನ ಹಾಡುವ ಹಾಡುಗಳನ್ನು ಮತ್ತೆ ಹಾಡಕೂಡದು ಅಂತ ಅಪ್ಪಣೆಯನ್ನೇ ಹೊರಡಿಸಿದ. ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆಗೆ ‘ಒನ್ಸ್ ಮೋರ್’ ಕೂಗುತ್ತಿದ್ದ ಮಂದಿ ಅಂದು ಇಲ್ಲಿದ್ದರೆ ಪರಕೀಯರು ಅನ್ನಿಸುತ್ತಲೇ ಇರಲಿಲ್ಲ.

ವಾದ್ಯಸಂಗೀತದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಕನ್ಚೆರ್ಟೊದ, ಅಂದರೆ ವೃಂದದ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿಯ, ‘ಕೆಡೆಂಜಾ’. ವೃಂದ ನಿಲ್ಲುತ್ತದೆ. ವಯಲಿನ್‌ನವರು ಕಮಾನನ್ನು ತೊಡೆಯ ಮೇಲೆ ಇಳಿಸುತ್ತಾರೆ. ಪಿಯಾನೊ ಒಂದೇ ನುಡಿಯುತ್ತದೆ. ಕಡೆಗೆ ಒಂದು ಉದ್ದದ ಕಂಪನ, ಮತ್ತೆ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಮುಕ್ತಾಯ ಆದ ಮೇಲೆ ಗಾಯಕರು ಪಲ್ಲವಿ ಎತ್ತಿಕೊಳ್ಳುವ ಹಾಗೆಯೇ. ಮೊಜಾರ್ಟ್ ಇದನ್ನು ಆಶುವಾಗಿಯೂ ನುಡಿಸಬಲ್ಲವನಾಗಿದ್ದ. ಇಂದು ಹೆಚ್ಚಿನವರು ಬರೆದಿಟ್ಟದ್ದನ್ನೇ ಕಲಿತು ನುಡಿಸುತ್ತಾರೆ. ಪಿಯಾನೊ ವಾದಕ ರಾಬರ್ಟ್ ಲೆವಿನ್ ಥರದ ಕೆಲವರು ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಧೈರ್ಯ ಮಾಡುತ್ತಾರೆ. ಅಂಥವರು ಜಾಸ್ತಿ ಆಗಬೇಕು.

ಹಾಗಂತ ಇಲ್ಲಿನ ಮೌನ ಸುಮ್ನೆ ಬಿಗುಮಾನ ಅನ್ನಲಾರೆ. ಹೈಡನ್‌ನ ಕ್ವಾರ್ಟೆಟ್‌ನಲ್ಲಿ ನಾಲ್ಕು ತಂತಿವಾದ್ಯಗಳು ಪಿಸುಮಾತಾಡುವುದು ಕೇಳಬೇಕಾದರೆ ಆ ನಿಶ್ಶಬ್ದ ಬೇಕು. ನಮ್ಮಲ್ಲಿ ಮೃದಂಗದ ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರನ್ನು ನೋಡಿದರೆ ನನಗೆ ಈಗ ನಿಜಕ್ಕೂ ನೋವಾಗುತ್ತದೆ. ಕೂತು ಕೇಳುವುದನ್ನು ಈ ಊರು ನನಗೆ ಕಲಿಸಿದೆ.

ಒಪೆರಾದಲ್ಲಿ ಮಾತ್ರ ಆರಿಯಾ ಮುಗಿದಾಗ ಇಂದಿಗೂ ಚಪ್ಪಾಳೆ ಬೀಳುತ್ತದೆ. ಅದಕ್ಕೇ ನಾನು ನಿಂತು ನೋಡುವ ಅಗ್ಗದ ಟಿಕೆಟ್ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿರುತ್ತೇನೆ. ಕೋಟಿನ ಜೇಬಿನೊಳಗೆ ಕಿರುಬೆರಳು, ಉಂಗುರಬೆರಳು ಮಡಿಸುತ್ತಾ ನಿಂತಿರುತ್ತೇನೆ. ಹಾಡು ಮುಗಿದ ತಕ್ಷಣ ಎರಡೂ ಕೈ ಹೊರಗೆ ಬರುತ್ತವೆ.